ತರ್ಕವನ್ನು ಆಟವಾಗಿಸಿದ ಗಣಿತದ ಮೇಷ್ಟ್ರು

ಹುಲಿ, ಹಸು, ಹುಲ್ಲಿನ ಹೊರೆ. ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಅಂಬಿಗನ ಜೊತೆ ಒಂದಕ್ಕೆ ಮಾತ್ರ ಜಾಗ. ನಮ್ಮ ಹಿರಿಯರು ಮಕ್ಕಳ ಮುಂದಿಡುತ್ತ ಬಂದ ಈ ಸಮಸ್ಯೆ ಯುರೋಪಿನಲ್ಲಿ ತೋಳ, ಮೇಕೆ, ಎಲೆಕೋಸಿನ ರೂಪದಲ್ಲಿದೆ. ಸುಮಾರು 1,200 ವರ್ಷಗಳ ಹಿಂದೆ ಷಾರ್ಲಮೇನ್ ದೊರೆಯ ಆಸ್ಥಾನದಲ್ಲಿದ್ದ ಆಲ್ಕ್ವಿನ್ ಎಂಬ ವಿದ್ವಾಂಸನದೆಂದು ಹೇಳಲಾಗುವ ಲ್ಯಾಟಿನ್ ಸಂಕಲನದಲ್ಲಿ ಅದು ಸಿಗುತ್ತದೆ. ಎಳೆಯರ ಬುದ್ಧಿಯನ್ನು ಹರಿತಗೊಳಿಸುವುದೇ ತನ್ನ ಉದ್ದೇಶವೆಂದು ಆ ಸಂಕಲನದ ಶೀರ್ಷಿಕೆ ಸಾರುತ್ತದೆ.

ಒಗಟು ಬಿಡಿಸುವುದು ಒಂದು ಮಾತು. ಅದರ ಹಿಂದಿರುವ ತರ್ಕವನ್ನು ಕ್ರಮವಾಗಿ ಕಲಿಯುವುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ತರ್ಕಶಾಸ್ತ್ರವೆಂದರೆ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಗಂಡಸರು ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡುವ ಒಣ ವಿಷಯವಾಗಿತ್ತು. ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಲು ಹೊರಟವನು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. ಲೋಕಕ್ಕೆ ಈತನ ಪರಿಚಯ ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ, ‘ಆಲಿಸ್’ಳ ಕಥೆಗಾರನಾಗಿ.

1887ರಲ್ಲಿ ಮ್ಯಾಕ್‌ಮಿಲನ್ ಪ್ರಕಟಿಸಿದ ಈತನ ‘ದಿ ಗೇಮ್ ಆಫ್ ಲಾಜಿಕ್’ ಪುಸ್ತಕದ ಜೊತೆ ಒಂದು ರಟ್ಟಿನ ಹಾಳೆ ಮತ್ತು ಒಂಬತ್ತು ಕಾಯಿಗಳಿದ್ದವು: ನಾಲ್ಕು ಕೆಂಪು, ಐದು ಬೂದು. ಹಾಳೆಯ ಮೇಲೆ ನಾಲ್ಕು ಭಾಗ ಮಾಡಿದ ದೊಡ್ಡ ಚೌಕ. ಅದರ ನಡುವೆ ಸಣ್ಣ ಚೌಕ. ಒಟ್ಟು ಎಂಟು ಮನೆ. ಒಂದು ಬಗೆಯ ವಸ್ತು ಇದೆ ಎಂದಾದರೆ ಅದರ ಮನೆಗೆ ಕೆಂಪು ಕಾಯಿ, ಇಲ್ಲವೆಂದಾದರೆ ಬೂದು. ಚೌಕಾಬಾರ ಆಡಬಲ್ಲವರಿಗೆ ಇದು ಕಷ್ಟವೇನಲ್ಲ.

‘ಹೋಳಿಗೆಯೆಲ್ಲ ಸಿಹಿ, ಸಿಹಿಯಾದ ಯಾವುದನ್ನೂ ಅಜ್ಜ ತಿನ್ನುವುದಿಲ್ಲ’ ಎಂಬ ಎರಡು ಮಾತುಗಳನ್ನು ತೆಗೆದುಕೊಳ್ಳಿ. ಮೇಲಿನ ಅರ್ಧ ಹೋಳಿಗೆಯದು, ಎಡಗಡೆಯ ಅರ್ಧ ಅಜ್ಜ ತಿನ್ನುವ ವಸ್ತುಗಳದು, ನಡುವಿನ ಚೌಕ ಸಿಹಿಯದು ಎನ್ನೋಣ. ಸಿಹಿಯಲ್ಲದ ಹೋಳಿಗೆ ಇಲ್ಲವಾದ್ದರಿಂದ ಮೇಲಿನ ಅರ್ಧದಲ್ಲಿ ನಡುಚೌಕದ ಹೊರಗಿರುವ ಎರಡೂ ಮನೆಗಳಿಗೆ ಬೂದು ಕಾಯಿ. ಅಜ್ಜ ತಿನ್ನುವ ಸಿಹಿ ಇಲ್ಲವಾದ್ದರಿಂದ ನಡುಚೌಕದೊಳಗೆ ಎಡಗಡೆಯ ಎರಡು ಮನೆಗಳಿಗೂ ಬೂದು. ಈಗ ಮೇಲಿನ ಎಡಭಾಗ ಪೂರ್ತಿ ಬರಿದು. ಅಂದರೆ ಅಜ್ಜ ತಿನ್ನುವ ಹೋಳಿಗೆಯೇ ಇಲ್ಲ. ತೀರ್ಮಾನ ಕಣ್ಣಿಗೇ ಕಾಣುತ್ತದೆ, ಬಾಯಿಪಾಠ ಬೇಕಿಲ್ಲ.

ಆಕ್ಸ್‌ಫರ್ಡಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕ್ಯಾರಲ್ ತಾನೇ ನಿಂತು ತರ್ಕದ ಪಾಠ ಹೇಳಿದ. ಅಲ್ಲಿನ ವಿಶ್ವವಿದ್ಯಾಲಯ ಮಹಿಳೆಯರಿಗೆ ಪದವಿ ಕೊಡತೊಡಗಿದ್ದು 1920ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ತನ್ನ 64ನೆಯ ವಯಸ್ಸಿನಲ್ಲಿ, 1896ರಲ್ಲಿ, ‘ಸಿಂಬಾಲಿಕ್ ಲಾಜಿಕ್’ ಗ್ರಂಥದ ಮೊದಲ ಭಾಗ ಹೊರತಂದ. ಕಲಿಯುವವರಿಗೆ ಅದರಲ್ಲಿ ಕೊಟ್ಟ ಸಲಹೆ ಸರಳ: ಮೊದಲಿನಿಂದ ಓದಿ, ಪುಟ ಹಾರಿಸಬೇಡಿ, ಅರ್ಥವಾಗದಿದ್ದರೆ ಮತ್ತೆ ಓದಿ, ಆದರೆ ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಂಡು ಚರ್ಚಿಸಿ. ಇದನ್ನು ಕಲಿತವರು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಧರ್ಮೋಪದೇಶಗಳಲ್ಲಿ ಕೂಡ ನುಸುಳುವ ಪೊಳ್ಳು ವಾದಗಳನ್ನು ಗುರುತಿಸಬಲ್ಲರೆಂಬುದು ಆತನ ನಂಬಿಕೆಯಾಗಿತ್ತು.

ಎರಡನೆಯ ಭಾಗ ಮುಗಿಯುವ ಮುನ್ನವೇ, 1898ರ ಜನವರಿಯಲ್ಲಿ ಕ್ಯಾರಲ್ ತೀರಿಕೊಂಡ. ಕಳೆದುಹೋಗಿದ್ದ ಅದರ ಅಚ್ಚಿನ ಕರಡುಗಳನ್ನು ತತ್ವಶಾಸ್ತ್ರಜ್ಞ ಡಬ್ಲ್ಯು. ಡಬ್ಲ್ಯು. ಬಾರ್ಟ್ಲಿ ಪತ್ತೆಹಚ್ಚಿ 1977ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ ಅವರು ಸದಾ ಸತ್ಯ ಹೇಳುವವರು ಮತ್ತು ಸದಾ ಸುಳ್ಳು ಹೇಳುವವರು ವಾಸಿಸುವ ದ್ವೀಪದ ಒಗಟುಗಳನ್ನು ಪುಸ್ತಕವಾಗಿ ತಂದರು. ಆಗ ಅವರು ಅರವತ್ತರ ಹೊಸ್ತಿಲಲ್ಲಿದ್ದರು. 2017ರಲ್ಲಿ ತೀರಿಕೊಂಡ ಅವರು ತೊಂಬತ್ತು ದಾಟಿದ ಮೇಲೂ ಒಗಟಿನ ಪುಸ್ತಕ ಬರೆದರು. ಎಳೆಯರಿಗೆಂದು ಆರಂಭವಾದ ಆಟ ಹೀಗೆ ವಯಸ್ಸಿನ ಎಲ್ಲೆ ದಾಟಿತು. ಯಾರೋ ಹೇಳಿದ್ದನ್ನು ಒಪ್ಪುವ ಮೊದಲು ಒಂದು ಕ್ಷಣ ತಡೆದು ಪರೀಕ್ಷಿಸುವ ಅಭ್ಯಾಸ ಹತ್ತರ ಹುಡುಗಿಗೆ ಎಷ್ಟು ಬೇಕೋ ಎಪ್ಪತ್ತರ ಅಜ್ಜನಿಗೂ ಅಷ್ಟೇ ಬೇಕು.