ಸದ್ದಡಗಿಸುವ ಕೊಳವೆ ಮತ್ತು ಕೂದಲೆಳೆಯ ಜಾಗ

ನಮ್ಮಲ್ಲಿ ಸೈಲೆನ್ಸರ್ ಎಂದರೆ ಬೈಕಿನದು. ಅದನ್ನು ಬಿಚ್ಚಿಸಿ ಬೀದಿಯನ್ನೆಲ್ಲ ನಡುಗಿಸುವ ಹುಡುಗರಿಗೂ, ಅವರನ್ನು ಬೈಯುವ ಅಜ್ಜಂದಿರಿಗೂ ಆ ಪದ ಚೆನ್ನಾಗಿ ಗೊತ್ತು. ಬಂದೂಕಿನ ಸೈಲೆನ್ಸರನ್ನು ಮಾತ್ರ ನಾವು ಸಿನಿಮಾದಲ್ಲಷ್ಟೇ ಕಂಡವರು. ಖಳನಾಯಕ ಕೋಟಿನ ಜೇಬಿನಿಂದ ಕಪ್ಪು ಕೊಳವೆಯೊಂದನ್ನು ತೆಗೆಯುತ್ತಾನೆ, ಪಿಸ್ತೂಲಿನ ತುದಿಗಿಟ್ಟು ನಾಲ್ಕು ಸುತ್ತು ತಿರುಗಿಸುತ್ತಾನೆ, ಆಮೇಲೆ ಬರೀ 'ಪುಸ್' ಎಂಬ ಸದ್ದು.

ಕಾಲೇಜು ಮುಗಿಸಿದ ಮೇಲೆ ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಎರಡು ವರ್ಷ ಲೇತ್ ಮುಂದೆ ನಿಂತವನು ನಾನು. ಹಾಗಾಗಿ ಆ ದೃಶ್ಯ ಬಂದಾಗಲೆಲ್ಲ ನನ್ನ ಗಮನ ಹೋಗುತ್ತಿದ್ದುದು ಆ ನಾಲ್ಕು ಸುತ್ತಿನ ಕಡೆಗೆ. ಆ ಥ್ರೆಡ್ ನಳಿಗೆಯ ತೂತಿಗೆ ನೇರವಾಗಿ ಇತ್ತೇ? ಒಂದಿಷ್ಟು ಓರೆಯಾಗಿದ್ದರೆ ಒಳಗೆ ಹೋಗುವ ಗುಂಡಿನ ಗತಿ ಏನು? ಈ ಕುತೂಹಲ ಹಿಡಿದು ಓದುತ್ತಾ ಹೋದಾಗ, ನೂರು ವರ್ಷಕ್ಕೂ ಮೀರಿದ ಇದರ ಚರಿತ್ರೆ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ ಅನ್ನಿಸಿತು.

ಕತೆ ಶುರುವಾಗುವುದು ಅಪ್ಪ-ಮಗನಿಂದ. ಅಪ್ಪ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್, 1884ರ ಹೊತ್ತಿಗೆ ತನ್ನಷ್ಟಕ್ಕೆ ಗುಂಡು ತುಂಬಿಕೊಂಡು ಹಾರಿಸುವ ಮೆಷಿನ್ ಗನ್ ಕಂಡುಹಿಡಿದವನು. ವಸಾಹತುಗಳ ಯುದ್ಧಗಳಲ್ಲಿ, ಆಮೇಲೆ ಮೊದಲ ಮಹಾಯುದ್ಧದಲ್ಲಿ ಆ ಬಂದೂಕು ಮಾಡಿದ ಅನಾಹುತ ಎಲ್ಲರೂ ಬಲ್ಲದ್ದು. ತನ್ನದೇ ಬಂದೂಕುಗಳ ಅಬ್ಬರ ಕೇಳಿ ಕೇಳಿ ಕೊನೆಗಾಲಕ್ಕೆ ಅವನು ಪೂರ್ತಿ ಕಿವುಡನಾದ. 1916ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅಮೆರಿಕದಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಅವನು ಯುರೋಪಿಗೆ ಹೊರಟಾಗ ಮಗ ಹೈರಮ್ ಪರ್ಸಿಗೆ ಹನ್ನೆರಡರ ಆಸುಪಾಸು. ಅಪ್ಪನ ಹೆಸರು ಹೊತ್ತ ಈ ಮಗ ಮುಂದೆ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ನೆಲೆಸಿ ಸದ್ದಡಗಿಸುವ ಕೊಳವೆಯನ್ನು ಮಾಡಿದ. ಅದಕ್ಕೆ 1909ರ ಮಾರ್ಚ್ 30ರಂದು ಪೇಟೆಂಟ್ ಸಿಕ್ಕಿತು. ಸ್ನಾನದ ತೊಟ್ಟಿಯ ನೀರು ಸುಳಿಸುಳಿಯಾಗಿ ತೂತಿಗೆ ಇಳಿಯುವುದನ್ನು ನೋಡಿ ಅವನಿಗೆ ಇದು ಹೊಳೆಯಿತು ಎಂಬ ಕತೆಯೊಂದಿದೆ. ಅವನ ಕಂಪನಿ ಎಂಜಿನ್ನುಗಳ ಸದ್ದಡಗಿಸುವ ಸಾಧನಗಳನ್ನೂ ಮಾಡಿತು. ನಮ್ಮ ಬೈಕಿನ ಸೈಲೆನ್ಸರ್ ಇದಕ್ಕೆ ದಾಯಾದಿ ಅನ್ನಬಹುದು.

ತತ್ತ್ವ ಸರಳ. ಗುಂಡಿನ ಹಿಂದೆಯೇ ಕಾದ ಅನಿಲ ನಳಿಗೆಯಿಂದ ಒಮ್ಮೆಲೇ ಸಿಡಿಯುವುದರಿಂದ ಆ ದೊಡ್ಡ ಸದ್ದು. ನಳಿಗೆಯ ಮುಂದೆ ಕೊಳವೆಯೊಂದನ್ನು ಸಿಕ್ಕಿಸಿ, ಒಳಗೆ ತೂತುಳ್ಳ ಲೋಹದ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿದರೆ, ಗುಂಡು ನಡುವಿನ ತೂತುಗಳಲ್ಲಿ ತೂರಿ ಹೋಗುತ್ತದೆ. ಅನಿಲ ಮಾತ್ರ ಬಿಲ್ಲೆಗಳ ನಡುವಿನ ಕೋಣೆಗಳಲ್ಲಿ ಸಿಕ್ಕಿಕೊಂಡು, ಹಿಗ್ಗಿ, ತಣಿದು, ತಡವಾಗಿ ಹೊರಬರುತ್ತದೆ. ಈ ಬಿಲ್ಲೆಗಳಿಗೆ ಬ್ಯಾಫಲ್ ಎನ್ನುತ್ತಾರೆ.

ಎಲ್ಲ ತಾಪತ್ರಯವೂ ಆ ತೂತಿನ ಅಳತೆಯಲ್ಲಿದೆ. ತೂತು ಚಿಕ್ಕದಾದಷ್ಟೂ ಗುಂಡಿನ ಜೊತೆ ನುಸುಳುವ ಅನಿಲ ಕಡಿಮೆ, ಸದ್ದೂ ಕಡಿಮೆ. ಆದರೆ ತೂತು ಚಿಕ್ಕದಾದಷ್ಟೂ ಗುಂಡು ಅಂಚಿಗೆ ತಗಲುವ ಅಪಾಯ ಹೆಚ್ಚು. ಇಂದಿನ 0.30 ಇಂಚಿನ ರೈಫಲ್ ಗುಂಡಿನ ದಪ್ಪ 7.82 ಮಿ.ಮೀ. ಅದರ ಸೈಲೆನ್ಸರ್‌ನ ತೂತು ಸಾಮಾನ್ಯವಾಗಿ ಅದಕ್ಕಿಂತ ಒಂದು, ಒಂದೂವರೆ ಮಿ.ಮೀ.ನಷ್ಟೇ ಅಗಲ. ಅಂದರೆ ಸುತ್ತಲೂ ಅರ್ಧ-ಮುಕ್ಕಾಲು ಮಿ.ಮೀ. ಜಾಗ. ಕೊಳವೆ ಬರೀ 0.1 ಡಿಗ್ರಿ ಓರೆಯಾಗಿ ಕೂತರೂ 200 ಮಿ.ಮೀ. ದೂರದ ತುದಿಯಲ್ಲಿ ತೂತು 0.35 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಇದ್ದ ಜಾಗದಲ್ಲಿ ಅರ್ಧದಷ್ಟು ಅಲ್ಲೇ ಮುಗಿಯಿತು.

ಪರ್ಸಿ ಮ್ಯಾಕ್ಸಿಮ್‌ಗೆ ಇನ್ನೊಂದು ತೊಡಕೂ ಇತ್ತು. ನಳಿಗೆಯ ಸುತ್ತ ಸಮನಾಗಿ ಕೂತ ದಪ್ಪ ಕೊಳವೆ, ಗುರಿ ನೋಡುವ ಕಣ್ಣಿಗೆ ಅಡ್ಡ ಬರುತ್ತದೆ. ಅದಕ್ಕೇ 1910ರ ಮಾದರಿಯಲ್ಲಿ ತೂತನ್ನು ನಡುವಿನಿಂದ ಮೇಲಕ್ಕೆ ಸರಿಸಿ, ಕೊಳವೆಯ ಹೊಟ್ಟೆ ನಳಿಗೆಯ ಕೆಳಗೆ ಜೋಲುವಂತೆ ಮಾಡಿದ. ಕಣ್ಣಿನ ದಾರಿ ತೆರೆಯಿತು. ಆದರೆ ಈಗ ಕೊಳವೆ ನೇರವಾಗಿ ಕೂತರಷ್ಟೇ ಸಾಲದು, ತಿರುಗಿಸುತ್ತಾ ಬಿಗಿಯಾಗುವ ಹೊತ್ತಿಗೆ ಹೊಟ್ಟೆ ಸರಿಯಾಗಿ ಕೆಳಕ್ಕೇ ಬಂದಿರಬೇಕು.

ಎರಡನೇ ಮಹಾಯುದ್ಧದ ಬ್ರಿಟಿಷ್ ಎಂಜಿನಿಯರುಗಳು ಇದೇ ಗಂಟನ್ನು ಎರಡು ಬಗೆಯಲ್ಲಿ ಬಿಡಿಸಲು ನೋಡಿದರು. ಗುಪ್ತ ಕಾರ್ಯಾಚರಣೆಗೆಂದು ವೆಲ್ವಿನ್ ಬಳಿಯ ಕೇಂದ್ರದಲ್ಲಿ ರೂಪುಗೊಂಡ ವೆಲ್‌ರಾಡ್ ಪಿಸ್ತೂಲಿನಲ್ಲಿ ಲೋಹದ ಬಿಲ್ಲೆಗಳ ಜೊತೆ ರಬ್ಬರಿನ ಬಿಲ್ಲೆಗಳೂ ಇದ್ದವು. ಗುಂಡು ತಗಲುವುದನ್ನು ಅವರು ತಪ್ಪಿಸಲಿಲ್ಲ, ಒಪ್ಪಿಕೊಂಡರು. ರಬ್ಬರನ್ನು ಸೀಳಿಕೊಂಡೇ ಗುಂಡು ಹೋಗುತ್ತಿತ್ತು, ಅನಿಲಕ್ಕೆ ಸಂದೇ ಇರುತ್ತಿರಲಿಲ್ಲ. ಮೌನವೇನೋ ಅದ್ಭುತ. ಆದರೆ ಹತ್ತು-ಹದಿನೈದು ಗುಂಡುಗಳಾಗುವಷ್ಟರಲ್ಲಿ ರಬ್ಬರ್ ಸವೆದು ಸದ್ದು ಏರತೊಡಗುತ್ತಿತ್ತು. ಡಿ ಲಿಲ್ ಕಾರ್ಬೈನಿನ ದಾರಿ ಬೇರೆ. ಲೀ-ಎನ್‌ಫೀಲ್ಡ್ ರೈಫಲಿನ ಯಂತ್ರಭಾಗಕ್ಕೆ 0.45 ಇಂಚಿನ ನಳಿಗೆ ಜೋಡಿಸಿ, ಅದರ ಸುತ್ತಲೇ ದೊಡ್ಡ ಕೊಳವೆಯನ್ನು ಕಾಯಂ ಆಗಿ ಕಟ್ಟಿದರು. ಸೈನಿಕ ದಿನಕ್ಕೆ ಹತ್ತು ಬಾರಿ ಬಿಚ್ಚಿ ಹಾಕುವ ಗೋಜೇ ಇಲ್ಲದ ಮೇಲೆ, ಓರೆಯಾಗಿ ಹಾಕುವ ಸಂಭವವೂ ಕಡಿಮೆ. ಒಂದು ಬಂದೂಕು ಸವೆತವನ್ನು ಒಪ್ಪಿಕೊಂಡಿತು, ಇನ್ನೊಂದು ಬಿಚ್ಚುವ ಅನುಕೂಲವನ್ನು ಬಿಟ್ಟುಕೊಟ್ಟಿತು.

ಇಂದಿನ ಹವ್ಯಾಸಿಗಳು ಮತ್ತು ಬೇಟೆಗಾರರು ಬಳಸುವುದು ಹೆಚ್ಚಾಗಿ ಬಿಚ್ಚಿ ಹಾಕುವ ಕೊಳವೆಗಳನ್ನೇ. ಹಾಗಾಗಿ ಮ್ಯಾಕ್ಸಿಮ್‌ನ ಹಳೆಯ ಪ್ರಶ್ನೆ ಅವರಿಗೂ ತಪ್ಪಿದ್ದಲ್ಲ. ಓರೆ ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರ್ಥವಾದದ್ದು ಪೀಣ್ಯದ ದಿನಗಳ ದೆಸೆಯಿಂದ. ಒಮ್ಮೆ ನಾನು ಒಂದು ಪೈಪಿನ ತುದಿಗೆ ಥ್ರೆಡ್ ಹಾಕಬೇಕಿತ್ತು. ಹೊರಮೈಗೆ ಡಯಲ್ ಗೇಜ್ ಹಚ್ಚಿ, ಮುಳ್ಳು ಅಲುಗದಂತೆ ಚಕ್ಕಿನಲ್ಲಿ ಹಿಡಿಸಿ ಹೆಮ್ಮೆಯಿಂದ ನಿಂತಿದ್ದೆ. ನಮ್ಮ ಮೇಸ್ತ್ರಿ ಬಂದು ಗೇಜನ್ನು ತೂತಿನ ಒಳಗೆ ಇಟ್ಟರು. ಮುಳ್ಳು ಕುಣಿಯಿತು. "ಹೊರಗಿನ ದುಂಡು ನಂಬಬೇಡ ಕಣೋ, ಕೆಲಸ ಮಾಡೋದು ಒಳಗಿನ ತೂತು" ಅಂದರು. ಆವತ್ತು ಆ ಪೈಪು ಗುಜರಿಗೆ ಹೋಯಿತು, ನನ್ನ ಅರ್ಧ ದಿನದ ಕೆಲಸವೂ ಹೋಯಿತು.

ಬಂದೂಕಿನ ನಳಿಗೆಯಲ್ಲೂ ಇದೇ ಆಗುವುದು. ಉದ್ದನೆಯ ಉಕ್ಕಿನ ಸರಳನ್ನು ಕೊರೆಯುವಾಗ ಡ್ರಿಲ್ ಸ್ವಲ್ಪ ಅಡ್ಡ ಹೋಗುವುದುಂಟು, ಆಗ ತೂತು ಹೊರಮೈಗೆ ಸರಿಯಾಗಿ ನಡುವಿನಲ್ಲಿ ಇರುವುದಿಲ್ಲ. ಹೊರಮೈ ನೋಡಿ ಥ್ರೆಡ್ ಹಾಕಿದರೆ ಕೊಳವೆ ಹೊರಮೈಗೆ ಹೊಂದುತ್ತದೆ, ಗುಂಡಿನ ದಾರಿಗೆ ಹೊಂದುವುದಿಲ್ಲ. ಕೊಳವೆಯ ಚಿಂತೆಯಿಲ್ಲದೆ ತಯಾರಾದ ಎಕೆ ಮಾದರಿಯ ಅನೇಕ ರೈಫಲುಗಳು ಈ ದೋಷಕ್ಕೆ ಕುಖ್ಯಾತ. ಥ್ರೆಡ್ ಸರಿಯಿದ್ದರೂ ಕೊಳವೆ ಆನಿಸಿ ನಿಲ್ಲುವ ಹೆಗಲು ಓರೆಯಿರಬಹುದು. ಅಲ್ಲಿ ಮಸಿ ಗಟ್ಟಿಯಾಗಿರಬಹುದು, ಒಂದು ಕಡೆಗೆ ಹೆಚ್ಚು ಚಪ್ಪಟೆಯಾಗುವ ವಾಷರ್ ಸೇರಿರಬಹುದು. ಬಿಸಿಯೇರಿ, ಅದುರಿ ಅದುರಿ ಕೊಳವೆಯೇ ಸಡಿಲಾಗಿರಲೂಬಹುದು.

ಆಮೇಲೆ ಆಗುವುದನ್ನು ಬ್ಯಾಫಲ್ ಸ್ಟ್ರೈಕ್ ಎನ್ನುತ್ತಾರೆ. ತುದಿಯ ಮುಚ್ಚಳಕ್ಕಷ್ಟೇ ಸವರಿದರೆ ಅಂಚಿನಲ್ಲಿ ತಾಮ್ರದ ಹೊಳಪಿನ ಗೀರು ಉಳಿದು, ಗುಂಡು ಗುರಿ ತಪ್ಪುತ್ತದೆ. ಒಳಗಿನ ಬಿಲ್ಲೆಗೇ ಬಡಿದರೆ ಒಂದರ ಹಿಂದೆ ಒಂದು ಹರಿದು, ಕೆಲವೊಮ್ಮೆ ಕೊಳವೆಯೇ ಸೀಳುತ್ತದೆ. ಓರೆಯಾಗಿ ಚಿಮ್ಮಿದ ಗುಂಡು ಅಥವಾ ಲೋಹದ ಚೂರು ಯಾರಿಗೆ ತಗಲೀತು ಎಂದು ಹೇಳುವಂತಿಲ್ಲ.

ಅಮೆರಿಕದಲ್ಲಿ ಈ ನಷ್ಟಕ್ಕೆ ಕಾನೂನಿನ ತೊಡಕೂ ಸೇರಿತು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಸೈಲೆನ್ಸರ್‌ಗಳಿಗೆ ನೋಂದಣಿಯನ್ನೂ 200 ಡಾಲರ್ ತೆರಿಗೆಯನ್ನೂ ಹೇರಿತು. ಆ ಕಾಲಕ್ಕೆ ಅದು ಕೊಳವೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. 1986ರ ತಿದ್ದುಪಡಿಯಿಂದ ಸೈಲೆನ್ಸರ್‌ಗೆಂದೇ ಮಾಡಿದ ಬಿಡಿಭಾಗವೂ ಕಾನೂನಿನ ಕಣ್ಣಿಗೆ ಸೈಲೆನ್ಸರ್ ಆಯಿತು. ಹಾಗಾಗಿ ಹಾಳಾದ ಬ್ಯಾಫಲ್ಲಿನ ಬದಲು ಹಾಕಲು ಒಂದನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇರುವ ತಯಾರಕರಿಗೇ ಕಳಿಸಬೇಕು. ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಇದೇ ಸಾಧನ ಬೇಟೆಗಾರರ ಸಾಮಾನ್ಯ ಸಲಕರಣೆ. ನಮ್ಮ ದೇಶದ ನಿಯಮಗಳು ಬಂದೂಕಿನ ಸದ್ದು ತಗ್ಗಿಸುವ ಸಾಧನಗಳನ್ನು ನಿಷೇಧಿತ ವರ್ಗದಲ್ಲಿ ಇಟ್ಟಿವೆ. ಹಾಗಾಗಿ ಇದು ನನಗೆ ಓದಿನ ವಿಷಯವಷ್ಟೇ.

ಆ ದೇಶಗಳ ಅನುಭವಿಗಳ ಉಪಾಯ ನೋಡಿದರೆ ನಮ್ಮ ಮೇಸ್ತ್ರಿ ನೆನಪಾಗುತ್ತಾರೆ. ನಳಿಗೆಯ ತೂತಿಗೆ ಬಿಗಿಯಾಗಿ ಹೊಂದುವ, ನುಣುಪಾಗಿ ಉಜ್ಜಿದ ನೇರ ಸರಳೊಂದನ್ನು ಖಾಲಿ ಬಂದೂಕಿನೊಳಗೆ ತೂರಿಸಿ, ಸೈಲೆನ್ಸರ್‌ನ ತುದಿಯಲ್ಲಿ ಇಣುಕಿ ನೋಡುತ್ತಾರೆ. ಸರಳಿನ ಸುತ್ತ ಸಂದು ಸಮನಾಗಿ ಕಂಡರೆ ಸರಿ. ಒಂದು ಕಡೆಗೆ ವಾಲಿದ್ದರೆ ಅವತ್ತಿನ ಅಭ್ಯಾಸ ಅಲ್ಲಿಗೇ ನಿಂತಿತು. ಬಿಚ್ಚಿ, ಹೆಗಲಿನ ಮಸಿ ಒರೆಸಿ, ವಾಷರ್ ತೆಗೆದು ಮತ್ತೆ ನೋಡುತ್ತಾರೆ. ಆಗಲೂ ವಾಲಿದ್ದರೆ ಒಳಗಿನ ತೂತನ್ನೇ ಆಧಾರವಾಗಿಟ್ಟು ಹೊಸ ಥ್ರೆಡ್ ಹಾಕಿಸುತ್ತಾರೆ. ಅಭ್ಯಾಸದ ನಡುನಡುವೆಯೂ ಬಂದೂಕು ಖಾಲಿ ಮಾಡಿ, ದಪ್ಪ ಗ್ಲೌಸ್ ತೊಟ್ಟು, ಕೊಳವೆ ಸಡಿಲವಾಗಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಒಂದು ಗುಂಡು ಕಾರಣವಿಲ್ಲದೆ ದೂರ ಬಿದ್ದರೂ ಇನ್ನೊಂದನ್ನು ಹಾರಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸಿಗುವುದು ಸಿನಿಮಾದ 'ಪುಸ್' ಅಲ್ಲ. ರೈಫಲಿನ ಸದ್ದು 160 ಡೆಸಿಬಲ್ ಮೀರುತ್ತದೆ, ಒಳ್ಳೆಯ ಕೊಳವೆ ಅದರಲ್ಲಿ 20ರಿಂದ 35 ಡೆಸಿಬಲ್ ತಗ್ಗಿಸೀತು. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡಿನ ಛಟೀರ್ ಸದ್ದು ಹೇಗೂ ಉಳಿಯುತ್ತದೆ. ಆದರೆ ಒಮ್ಮೆಲೇ ಬಡಿಯುವ ಸದ್ದು ಕಿವಿಗೆ ಅಪಾಯವಾಗುವ ಗಡಿ ಸುಮಾರು 140 ಡೆಸಿಬಲ್. ಆ ಗಡಿಯ ಯಾವ ಬದಿಗೆ ನಿಲ್ಲುತ್ತೇವೆ ಎಂಬುದು ಸಣ್ಣ ಮಾತಲ್ಲ. ಕಿವುಡಾದ ಅಪ್ಪ, ಸದ್ದಡಗಿಸಿದ ಮಗ, ಇಬ್ಬರ ನಡುವಿನ ಅಂತರವೂ ಅದೇ.

ಈಗ ಆ ಸಿನಿಮಾ ದೃಶ್ಯ ಬಂದರೆ ಖಳನಾಯಕನ ಮೇಲೆ ನನಗೆ ಭಯವಾಗುವುದಿಲ್ಲ. ಕೊಳವೆಯನ್ನು ಗಡಿಬಿಡಿಯಲ್ಲಿ ತಿರುಗಿಸುವ ಅವನ ಕೈ ನೋಡಿ, ಇವನು ಸಂದು ನೋಡಲೇ ಇಲ್ಲವಲ್ಲ ಎಂದುಕೊಳ್ಳುತ್ತೇನೆ.