ಮಾದಾಪುರದ ಸೀರಮ್, ತಾರ್ನಾಕಾದ ಜೋಳ

ಮಾದಾಪುರದ ಯಾವ ಮೆಡಿಕಲ್ ಶಾಪಿಗೆ ಹೋದರೂ ಈಗ ಒಂದು ಪುಟ್ಟ ಬಾಟಲಿ ಕಣ್ಣಿಗೆ ಬೀಳುತ್ತೆ: ನಿಯಾಸಿನಮೈಡ್ ಸೀರಮ್. ಚರ್ಮ ಉರಿದು ಕೆಂಪಾದ ಕಡೆ ಮೆಲನಿನ್ ಬಣ್ಣ ಜಾಸ್ತಿ ತಯಾರಾಗುತ್ತೆ. ಹಾಗಾಗಿ ಮೊಡವೆ ಒಣಗಿದ ಮೇಲೂ ನಮ್ಮಂಥ ಕಂದು ಮೈಬಣ್ಣದವರ ಮುಖದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತೆ. ನಮ್ಮ ಟೀಮಿನ ಅರ್ಧ ಜನ ಅದಕ್ಕೆ ಇದನ್ನೇ ಹಚ್ಚುತ್ತಾರೆ, ನಾನೂ ಸೇರಿ. ಈ ವಸ್ತುವಿನ ಹಳೇ ಕಥೆಯ ಒಂದು ಅಧ್ಯಾಯ ನಡೆದದ್ದು ಇದೇ ಊರಿನ ಇನ್ನೊಂದು ತುದಿಯಲ್ಲಿ, ತಾರ್ನಾಕಾದಲ್ಲಿ.

ಪೆಲಾಗ್ರ ಅಂತ ಒಂದು ರೋಗ. ಬಿಸಿಲು ಬೀಳುವ ಕೈ, ಪಾದ, ಕತ್ತು ಮೊದಲು ಕೆಂಪಾಗಿ ಉರಿಯುತ್ತವೆ, ಆಮೇಲೆ ಕಪ್ಪಾಗಿ ದಪ್ಪಗಾಗಿ ಸಿಪ್ಪೆ ಏಳುತ್ತವೆ. ಜೊತೆಗೆ ಭೇದಿ, ಕೊನೆಗೆ ಬುದ್ಧಿಭ್ರಮೆ, ಸಾವು. 1735ರಲ್ಲಿ ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಇದನ್ನು ಬಡ ರೈತರಲ್ಲಿ ಗುರುತಿಸಿದ. ಕತ್ತಿನ ಸುತ್ತ ಮೂಡುವ ಕಪ್ಪು ಪಟ್ಟಿಗೆ ಇವತ್ತಿಗೂ ‘ಕಸಾಲನ ಹಾರ’ ಅಂತಾರೆ. ಎಂಥಾ ಹಾರ ನೋಡಿ! ಮದ್ದು ಸಿಕ್ಕಿದ್ದು ಎರಡು ಶತಮಾನ ಕಳೆದ ಮೇಲೆ. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್, ನಾಯಿಗಳಿಗೆ ಬರುವ ಇದೇ ಬಗೆಯ ರೋಗ ನಿಕೋಟಿನಿಕ್ ಆಮ್ಲದಿಂದ ವಾಸಿಯಾಗುತ್ತೆ ಅಂತ ತೋರಿಸಿದರು. ಜನ ತಂಬಾಕಿನ ನಿಕೋಟಿನ್ ಅಂದುಕೊಂಡಾರು ಅಂತ ಆಮೇಲೆ ಅದಕ್ಕೆ ನಿಯಾಸಿನ್ ಅಂತ ಹೆಸರಿಟ್ಟರು. ಅದರದೇ ಇನ್ನೊಂದು ರೂಪ ನಮ್ಮ ಬಾಟಲಿಯ ನಿಯಾಸಿನಮೈಡ್.

ಈಗ ತಾರ್ನಾಕಾಕ್ಕೆ ಬರೋಣ. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂತು. ಬೇರೆ ದೇಶಗಳಲ್ಲಿ ಪೆಲಾಗ್ರ ಅಂದರೆ ಮೆಕ್ಕೆಜೋಳ ತಿನ್ನುವವರ ರೋಗ. ಅದರಲ್ಲಿರುವ ನಿಯಾಸಿನ್ ಮೈಗೆ ದಕ್ಕುವುದಿಲ್ಲ. ಇಲ್ಲಿ ರೋಗ ಬರುತ್ತಿದ್ದದ್ದು ಜೋಳದ ರೊಟ್ಟಿ ತಿನ್ನುವವರಿಗೆ, ಆದರೆ ಜೋಳಕ್ಕೆ ಆ ತೊಂದರೆ ಅಷ್ಟಾಗಿ ಇಲ್ಲ. ಹಾಗಾದ್ರೆ ಬಗ್ ಎಲ್ಲಿ? 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು, ಅದು ನಿಯಾಸಿನ್ನಿನ ಲೆಕ್ಕ ತಪ್ಪಿಸುತ್ತೆ. ಈ ವಾದವನ್ನು ಮುಂದೆ ಎಲ್ಲರೂ ಒಪ್ಪಲಿಲ್ಲ.

ನಾನು ರಾಯಚೂರು ಕಡೆಯವನು. 1956ರವರೆಗೆ ರಾಯಚೂರು, ಗುಲ್ಬರ್ಗ, ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ರೊಟ್ಟಿಯೂ ಒಂದೇ. ‘ಜೋಳ ತಿಂದವ ತೋಳ’ ಅಂತ ಕೇಳಿ ಬೆಳೆದವನಿಗೆ ಇದನ್ನು ಓದಿ ಸ್ವಲ್ಪ ಸಿಟ್ಟೇ ಬಂತು. ಆದರೆ ನನ್ನ ತಟ್ಟೆಯಲ್ಲಿ ರೊಟ್ಟಿ ಜೊತೆ ಬೇಳೆ, ಮೊಸರು, ಪುಂಡಿಪಲ್ಯ ಇರುತ್ತಿತ್ತು. ಪೆಲಾಗ್ರ ಬರುತ್ತಿದ್ದದ್ದು ಬೇರೇನೂ ಸಿಗದೆ ಹೆಚ್ಚುಕಡಿಮೆ ಬರೀ ರೊಟ್ಟಿಯ ಮೇಲೆ ಬದುಕಿ, ದಿನವಿಡೀ ಬಿಸಿಲಲ್ಲಿ ದುಡಿಯುತ್ತಿದ್ದ ಕೂಲಿಯವರಿಗೆ.

ಸೀರಮ್ಮಿನ ದಾರಿ ಬೇರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಿಯಾಸಿನಮೈಡ್ ಮೆಲನಿನ್ ತಯಾರಿಕೆಯನ್ನು ನಿಲ್ಲಿಸುವುದಿಲ್ಲ, ತಯಾರಾದ ಬಣ್ಣದ ಪೊಟ್ಟಣಗಳು ಮೇಲಿನ ಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತೆ. ಉರಿಯನ್ನೂ ಕೊಂಚ ತಗ್ಗಿಸುತ್ತೆ. ಕಲೆ ನಿಧಾನವಾಗಿ ತಿಳಿಯಾಗುತ್ತೆ, ಅಷ್ಟೇ. ಸನ್‌ಸ್ಕ್ರೀನ್ ಇಲ್ಲದಿದ್ದರೆ ಅದೂ ಕಷ್ಟ.

ಪೆಲಾಗ್ರದ ರೋಗಿಗೆ ಇದನ್ನೇ ಮಾತ್ರೆಯಾಗಿ ಕೊಡುತ್ತಾರೆ. ನಾಲಿಗೆಯ ಉರಿ ಕೆಲವೇ ದಿನಗಳಲ್ಲಿ ಇಳಿಯುತ್ತೆ. ಕತ್ತಿನ ಕಪ್ಪು ಹೋಗೋಕೆ ಮಾತ್ರ ವಾರಗಳೇ ಬೇಕು.