ಕಾಡಂಚಿನ ಗ್ರಾಮಗಳಲ್ಲಿ ವಿದ್ಯುತ್ ಮಾರ್ಗ, ತಂತಿಬೇಲಿ ಮತ್ತು ವನ್ಯಜೀವಿ ರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

1. ಹಿನ್ನೆಲೆ

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜಿಸಲಾಗಿತ್ತು. ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಕೊಡಗು, ಮೈಸೂರು, ಚಾಮರಾಜನಗರ ಮತ್ತು ಹಾಸನ ಜಿಲ್ಲೆಗಳಲ್ಲಿ ಆನೆಗಳು ಸಂಚರಿಸುವ ದಾರಿಯಲ್ಲಿಯೇ ಜಮೀನು, ತೋಟ ಹಾಗೂ ವಿದ್ಯುತ್ ಮಾರ್ಗಗಳಿವೆ. ಮೈಸೂರು ದಸರಾದಲ್ಲಿ ಪಾಲ್ಗೊಂಡಿದ್ದ ಅಶ್ವತ್ಥಾಮ ಎಂಬ ಆನೆಯು 2024ರ ಜೂನ್ ತಿಂಗಳಿನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಬಳಿ ವಿದ್ಯುತ್ ಸ್ಪರ್ಶದಿಂದ ಮೃತಪಟ್ಟಿತು. ಈ ವಿಷಯವನ್ನು ರಾಜ್ಯ ಉಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು.

2. ಅವಘಡಗಳಿಗೆ ಕಾರಣಗಳು

ಅ) ಜೋತುಬಿದ್ದ ತಂತಿ: ವಯಸ್ಕ ಗಂಡಾನೆಯ ಭುಜದೆತ್ತರ ಸುಮಾರು 3 ಮೀಟರ್. ಸೊಂಡಿಲನ್ನು ಮೇಲೆತ್ತಿದಾಗ ಅದು ಇನ್ನೂ ಎತ್ತರಕ್ಕೆ ಮುಟ್ಟುತ್ತದೆ. ಆನೆಯು ಮೈಯುಜ್ಜಿ ಕಂಬ ವಾಲಿದಾಗ ಅಥವಾ ಮರ ಉರುಳಿಬಿದ್ದಾಗಲೂ ತಂತಿಯು ಕೆಳಕ್ಕೆ ಬರುತ್ತದೆ.

ಆ) ಬೇಲಿಗೆ ಹಾಯಿಸಿದ ವಿದ್ಯುತ್: ಬೆಳೆ ರಕ್ಷಣೆಗಾಗಿ ಪಂಪ್‌ಸೆಟ್ ಸಂಪರ್ಕದಿಂದ ಅಥವಾ ಮಾರ್ಗದ ತಂತಿಗೆ ಕೊಕ್ಕೆ ಹಾಕಿ ಬೇಲಿಗೆ ವಿದ್ಯುತ್ ಹಾಯಿಸುವುದು.

ಇ) ಪಕ್ಷಿಗಳು: ಒಂದೇ ತಂತಿಯ ಮೇಲೆ ಕುಳಿತ ಹಕ್ಕಿಗೆ ಅಪಾಯವಿಲ್ಲ. ಆದರೆ ಅಗಲ ರೆಕ್ಕೆಯ ಹಕ್ಕಿಯು ಏಕಕಾಲದಲ್ಲಿ ಎರಡು ತಂತಿಗಳನ್ನು ಮುಟ್ಟಿದಲ್ಲಿ ಸಾಯುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಕಂಡುಬಂದಿರುವ ಹೆಬ್ಬಕ ಪಕ್ಷಿಗೆ ನೇರ ಮುಂದಿನ ನೋಟ ಕಡಿಮೆಯಿರುವುದರಿಂದ ತಂತಿಗೆ ಡಿಕ್ಕಿ ಹೊಡೆಯುವ ಸಂಭವ ಹೆಚ್ಚು.

3. ಸೌರ ಬೇಲಿಗೂ ನೇರ ವಿದ್ಯುತ್ ಬೇಲಿಗೂ ವ್ಯತ್ಯಾಸವೇನು?

ಸೌರ ಬೇಲಿಯಲ್ಲಿ ಬ್ಯಾಟರಿಗೆ ಜೋಡಿಸಿದ ಉಪಕರಣವು ಸೆಕೆಂಡಿಗೆ ಸುಮಾರು ಒಂದು ಬಾರಿ, ಕ್ಷಣಮಾತ್ರ ಮಾತ್ರವೇ ಮಿಡಿತ ನೀಡುತ್ತದೆ. ಪ್ರಾಣಿಯು ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. 230 ವೋಲ್ಟ್‌ನ ಮನೆ ವಿದ್ಯುತ್ತು ಎಡೆಬಿಡದೆ ಹರಿಯುವುದರಿಂದ ಸ್ನಾಯುಗಳು ಬಿಗಿದು, ತಂತಿಯಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ. ಇಂತಹ ಬೇಲಿಯು ಆನೆಯನ್ನಷ್ಟೇ ಅಲ್ಲ, ರಾತ್ರಿ ನೀರು ಹಾಯಿಸಲು ಹೋದ ಮನೆಯವರನ್ನೂ, ನೆರೆಯ ರೈತರನ್ನೂ, ದನಕರುಗಳನ್ನೂ ಕೊಲ್ಲುತ್ತದೆ. ಬ್ಯಾಟರಿ ಬರಿದಾಗಿದೆಯೆಂಬ ಕಾರಣಕ್ಕೆ ಸೌರ ಬೇಲಿಯ ತಂತಿಗೆ ನೇರ ವಿದ್ಯುತ್ ನೀಡುವುದೂ ಇಷ್ಟೇ ಅಪಾಯಕರ.

4. ಕಾನೂನು

ಆನೆಯು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿದೆ. ಅದನ್ನು ಕೊಂದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾವಾಸ ಹಾಗೂ ಕನಿಷ್ಠ ರೂ. 25,000 ಜುಲ್ಮಾನೆ ವಿಧಿಸಬಹುದಾಗಿದೆ. ವಿದ್ಯುತ್ ಕಳವಿಗೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 135ರಡಿ 3 ವರ್ಷಗಳವರೆಗೆ ಕಾರಾವಾಸ, ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದು.

5. ಸಾರ್ವಜನಿಕರು ಅನುಸರಿಸಬೇಕಾದ ಕ್ರಮ

• ಜೋತುಬಿದ್ದ ತಂತಿ, ವಾಲಿದ ಕಂಬ ಕಂಡಲ್ಲಿ ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ತಿಳಿಸಿ, ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಗ್ರಾಮದ ಹೆಸರು, ಸರ್ವೆ ನಂಬರು ಮತ್ತು ಕಂಬದ ಮೇಲಿನ ಸಂಖ್ಯೆ ತಿಳಿಸಿದಲ್ಲಿ ಸ್ಥಳ ಗುರುತಿಸಲು ಅನುಕೂಲವಾಗುತ್ತದೆ. ಕಾಡಂಚಿನ ಸ್ಥಳವಾದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಲಿಖಿತವಾಗಿ ತಿಳಿಸುವುದು.

• ಪ್ರಾಣಿ ಅಥವಾ ವ್ಯಕ್ತಿಯು ತಂತಿಗೆ ಸಿಲುಕಿದ್ದಲ್ಲಿ, ವಿದ್ಯುತ್ ಕಡಿತಗೊಂಡಿರುವುದು ಖಚಿತವಾಗುವವರೆಗೆ ಹತ್ತಿರ ಹೋಗಬಾರದು. ಕೂಡಲೇ 1912 ಮತ್ತು ತುರ್ತು ಸೇವೆ 112ಕ್ಕೆ ಕರೆ ಮಾಡುವುದು.

• ಹೊಸ ಪಂಪ್‌ಸೆಟ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು, ಮಾರ್ಗವು ಅರಣ್ಯ ಭೂಮಿಯನ್ನು ಹಾದುಹೋಗುವುದೇ ಎಂಬುದನ್ನು ಅರ್ಜಿಯಲ್ಲಿಯೇ ನಮೂದಿಸುವುದು. ಹಾಗಿದ್ದಲ್ಲಿ ವನ (ಸಂರಕ್ಷಣ ಏವಂ ಸಂವರ್ಧನ) ಅಧಿನಿಯಮ, 1980ರಡಿ ಪೂರ್ವಾನುಮೋದನೆ ಅಗತ್ಯವಿರುತ್ತದೆ. ಮುಂಚಿತವಾಗಿ ತಿಳಿಸಿದಲ್ಲಿ ನಂತರದ ವಿಳಂಬ ತಪ್ಪುತ್ತದೆ.

• ಕಾಡುಪ್ರಾಣಿಗಳಿಂದ ಬೆಳೆ ಹಾನಿಯಾದಲ್ಲಿ ಹಾನಿಯ ಛಾಯಾಚಿತ್ರ, ಪಹಣಿ ಪ್ರತಿ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು. ಸೌರ ಬೇಲಿ ಅಳವಡಿಸುವ ಬಗ್ಗೆಯೂ ಅಲ್ಲಿಯೇ ವಿಚಾರಿಸುವುದು.

ಬೆಳೆ ನಷ್ಟವನ್ನು ಪರಿಹಾರದಿಂದ ಭಾಗಶಃವಾದರೂ ತುಂಬಿಕೊಳ್ಳಬಹುದು. ಬೇಲಿಯಲ್ಲಿ ಹೋದ ಜೀವವನ್ನು ಮರಳಿ ತರಲಾಗದು. ಆದುದರಿಂದ ಯಾವುದೇ ಸಂದರ್ಭದಲ್ಲಿಯೂ ಬೇಲಿಗೆ ನೇರ ವಿದ್ಯುತ್ ಹಾಯಿಸದೆ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.